ನಾಲ್ವಡಿ ಕೃಷ್ಣರಾಜ ಒಡೆಯರ್ (1884–1940): ಜೀವನ ಹಾಗೂ ಆಡಳಿತಾವಧಿಯ ಬದಲಾವಣೆಗಳು

ಪೀಠಿಕೆ

ಮೈಸೂರು ಸಂಸ್ಥಾನವನ್ನು ಬಾಲ್ಯದ ಪಟ್ಟಾಭಿಷೇಕದಿಂದ ಗಣಿಸಿದರೆ 45 ವರ್ಷಕ್ಕೂ ಹೆಚ್ಚು ಕಾಲ, ಸ್ವತಂತ್ರವಾಗಿ ಅಧಿಕಾರ ವಹಿಸಿಕೊಂಡಂದಿನಿಂದ 38 ವರ್ಷಗಳ ಕಾಲ ಆಳಿದ ಶ್ರೀ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಜೀವನದ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಅಣೆಕಟ್ಟು, ವಿದ್ಯುಚ್ಛಕ್ತಿ, ವಿಶ್ವವಿದ್ಯಾನಿಲಯ ಮತ್ತು ಕೈಗಾರಿಕೆಗಳಿಂದ ಅವರ ಹೆಸರು ಎಲ್ಲರಿಗೂ ಪರಿಚಿತವಾಗಿದೆ. ಆದರೆ ಸರ್ಕಾರದ ಸೇವೆ ಹಾಗೂ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವ ನಾಗರಿಕರು ಇಂದು ದಿನನಿತ್ಯ ಬಳಸುವ ಹಿಂದುಳಿದ ವರ್ಗ, ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯ, ನೇಮಕಾತಿಯಲ್ಲಿ ಮೀಸಲಾತಿ ಮುಂತಾದ ಪದಗಳಿಗೆ ಈ ನಾಡಿನಲ್ಲಿ ಆಡಳಿತಾತ್ಮಕ ಅರ್ಥ ದೊರೆತದ್ದೂ ಅವರ ಕಾಲದಲ್ಲಿಯೇ ಎಂಬುದು ಅಷ್ಟಾಗಿ ತಿಳಿದಿಲ್ಲ. ಆದ್ದರಿಂದ ಈ ಪರಿಚಯದಲ್ಲಿ ಆ ಭಾಗಕ್ಕೆ ಹೆಚ್ಚಿನ ಸ್ಥಾನ ನೀಡಲಾಗಿದೆ.

ಜನನ ಮತ್ತು ಬಾಲ್ಯ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 1884ರ ಜೂನ್ 4ರಂದು ಮೈಸೂರಿನಲ್ಲಿ ಜನಿಸಿದರು. ತಂದೆ ಶ್ರೀ ಚಾಮರಾಜೇಂದ್ರ ಒಡೆಯರ್, ತಾಯಿ ವಾಣಿವಿಲಾಸ ಸನ್ನಿಧಾನದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. 1831ರಲ್ಲಿ ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡಿದ್ದ ಸಂಸ್ಥಾನದ ಆಡಳಿತವು 50 ವರ್ಷಗಳ ನಂತರ, 1881ರಲ್ಲಿ, ಅರಸು ಮನೆತನಕ್ಕೆ ಮರಳಿ ದೊರೆತಿತ್ತು. ಅಂದರೆ ರಾಜಕುಮಾರರು ಹುಟ್ಟುವ ವೇಳೆಗೆ ಮರಳಿ ಬಂದ ಅಧಿಕಾರಕ್ಕೆ ಕೇವಲ ಮೂರು ವರ್ಷವಾಗಿತ್ತು. ಆಡಳಿತದಲ್ಲಿ ಲೋಪವಾದರೆ ಬ್ರಿಟಿಷರು ಮತ್ತೆ ಮಧ್ಯೆ ಪ್ರವೇಶಿಸುವ ಸಾಧ್ಯತೆ ಇದ್ದೇ ಇತ್ತು. ಪ್ರತಿ ವರ್ಷ ಸುಮಾರು 35 ಲಕ್ಷ ರೂಪಾಯಿಗಳ ಪೊಗದಿಯನ್ನು ಬ್ರಿಟಿಷ್ ಸರ್ಕಾರಕ್ಕೆ ಸಲ್ಲಿಸಬೇಕಾಗಿತ್ತು. ಈ ಹೊರೆಯಲ್ಲಿ ಹತ್ತೂವರೆ ಲಕ್ಷ ರೂಪಾಯಿ ಕಡಿಮೆಯಾದದ್ದು 1920ರ ದಶಕದ ಕೊನೆಯಲ್ಲಿ.

1894ರ ಡಿಸೆಂಬರ್ 28ರಂದು ತಂದೆಯವರು ಕಲ್ಕತ್ತೆಯಲ್ಲಿ ಅಕಾಲ ಮರಣ ಹೊಂದಿದರು. 1895ರ ಫೆಬ್ರವರಿ 1ರಂದು ಹತ್ತು ವರ್ಷದ ಬಾಲಕನಿಗೆ ಪಟ್ಟಾಭಿಷೇಕವಾಯಿತು. ಅವರು ಪ್ರಾಪ್ತ ವಯಸ್ಕರಾಗುವವರೆಗೆ ಮಹಾರಾಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. ಆ ಏಳು ವರ್ಷಗಳು ಸುಲಭದವಾಗಿರಲಿಲ್ಲ. 1897ರಲ್ಲಿ ಹಿರಿಯ ರಾಜಕುಮಾರಿಯವರ ವಿವಾಹದ ಸಂದರ್ಭದಲ್ಲಿ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಮರುವರ್ಷ ಸಂಸ್ಥಾನದಲ್ಲಿ ಪ್ಲೇಗ್ ಹರಡಿತು. ಈ ನಡುವೆಯೂ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಜಲಾಶಯದ ಕಾಮಗಾರಿ ಹಾಗೂ ಶಿವನಸಮುದ್ರದಲ್ಲಿ ಜಲವಿದ್ಯುತ್ ಯೋಜನೆ ಆರಂಭಗೊಂಡವು. ಹೊಸ ಅರಮನೆಯು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ 1912ರಲ್ಲಿ ಪೂರ್ಣಗೊಂಡಿತು.

ಬಾಲ ಮಹಾರಾಜರ ಶಿಕ್ಷಣದ ಹೊಣೆಯನ್ನು ಬ್ರಿಟಿಷ್ ಅಧಿಕಾರಿ ಸ್ಟುವರ್ಟ್ ಫ್ರೇಸರ್ ಅವರಿಗೆ ವಹಿಸಲಾಗಿತ್ತು. 1900ರ ಜೂನ್‌ನಲ್ಲಿ ಕಾಠಿಯಾವಾಡದ ವಣಾ ಸಂಸ್ಥಾನದ ಪ್ರತಾಪಕುಮಾರಿಯವರೊಂದಿಗೆ ವಿವಾಹ ನೆರವೇರಿತು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಅಧಿಕಾರ ಸ್ವೀಕಾರ ಮತ್ತು ಅಭಿವೃದ್ಧಿ ಕಾರ್ಯಗಳು

1902ರ ಆಗಸ್ಟ್ 8ರಂದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ವೈಸರಾಯ್ ಲಾರ್ಡ್ ಕರ್ಜನ್ ಅವರ ಸಮ್ಮುಖದಲ್ಲಿ 18 ವರ್ಷದ ಮಹಾರಾಜರು ಪೂರ್ಣ ಅಧಿಕಾರವನ್ನು ವಹಿಸಿಕೊಂಡರು. 1901ರ ಜನಗಣತಿಯಂತೆ ಸಂಸ್ಥಾನದ ಜನಸಂಖ್ಯೆ ಸುಮಾರು 55 ಲಕ್ಷವಾಗಿತ್ತು.

ಅದೇ ವರ್ಷ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರು ಹಾಗೂ 1908ರಲ್ಲಿ ಮೈಸೂರು ನಗರಗಳು ವಿದ್ಯುತ್ ದೀಪ ಪಡೆದವು. ಪ್ಲೇಗಿನಿಂದ ಕಲಿತ ಪಾಠದಂತೆ ಮೈಸೂರು ನಗರದ ಇಕ್ಕಟ್ಟಾದ ಕೇರಿಗಳನ್ನು ಸರಿಪಡಿಸಿ ಹೊಸ ಬಡಾವಣೆಗಳನ್ನು ನಿರ್ಮಿಸಲು 1903ರಲ್ಲಿ ನಗರ ಸುಧಾರಣಾ ಮಂಡಳಿಯನ್ನು ರಚಿಸಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಸ್ಥಾನದ ವತಿಯಿಂದ 370 ಎಕರೆಗೂ ಹೆಚ್ಚು ಭೂಮಿಯನ್ನು ನೀಡಲಾಯಿತು. ಮಹಾರಾಜರ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ಮೈಸೂರಿನ ಕ್ಷಯರೋಗ ಆಸ್ಪತ್ರೆಯು 1921ರಲ್ಲಿ ಆರಂಭವಾಯಿತು. ಅರಮನೆಯನ್ನೂ ಬಿಡದ ಕಾಯಿಲೆಯೊಂದಕ್ಕೆ ಸಾರ್ವಜನಿಕ ಚಿಕಿತ್ಸಾಲಯವು ಹೀಗೆ ದೊರೆಯಿತು.

1912ರಿಂದ 1918ರವರೆಗೆ ದಿವಾನರಾಗಿದ್ದ ಶ್ರೀ ಎಂ. ವಿಶ್ವೇಶ್ವರಯ್ಯನವರ ಅವಧಿಯಲ್ಲಿ ಮೈಸೂರು ಬ್ಯಾಂಕು (1913), ಕನ್ನಡ ಸಾಹಿತ್ಯ ಪರಿಷತ್ತು (1915), ಮೈಸೂರು ವಿಶ್ವವಿದ್ಯಾನಿಲಯ (1916), ಗಂಧದ ಎಣ್ಣೆ ಹಾಗೂ ಸಾಬೂನು ಕಾರ್ಖಾನೆಗಳು ಸ್ಥಾಪನೆಯಾದವು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆಯೂ ಆಗಲೇ ರೂಪುಗೊಂಡಿತು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡು ಕೃಷ್ಣರಾಜಸಾಗರವೆಂದು ಹೆಸರಾಯಿತು. ಇದರ ನಾಲೆಗಳಿಂದ ಮಂಡ್ಯದ ಬಯಲು ನೀರಾವರಿಗೆ ಒಳಪಟ್ಟಿತು.

ಶಿಕ್ಷಣ: ಎಲ್ಲರಿಗೂ ತೆರೆಯದ ಬಾಗಿಲು

1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಹಂತಹಂತವಾಗಿ ಕಡ್ಡಾಯಗೊಳಿಸುವ ಕಾನೂನು ಜಾರಿಗೆ ಬಂದಿತು. 1916ರ ಜುಲೈ 27ರಂದು ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯವು ದೇಶೀಯ ಸಂಸ್ಥಾನವೊಂದರಲ್ಲಿ ಸ್ಥಾಪನೆಯಾದ ಮೊದಲನೆಯ ವಿಶ್ವವಿದ್ಯಾನಿಲಯವಾಗಿದೆ. ಮಹಾರಾಜರು ಇದರ ಮೊದಲ ಕುಲಾಧಿಪತಿಗಳಾಗಿದ್ದುದಲ್ಲದೆ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದ ಮೊದಲ ಕುಲಾಧಿಪತಿಗಳೂ ಆಗಿದ್ದರು.

ಆದರೆ ಶಾಲೆ ಇದ್ದ ಮಾತ್ರಕ್ಕೆ ಅದು ಎಲ್ಲ ಮಕ್ಕಳದೂ ಆಗಿರಲಿಲ್ಲ. ಅಂದಿನ ದಾಖಲೆಗಳಲ್ಲಿ ಪಂಚಮರೆಂದು ಕರೆಯಲ್ಪಟ್ಟ ಅಸ್ಪೃಶ್ಯ ಸಮುದಾಯಗಳ ಮಕ್ಕಳಿಗೆ ಪ್ರತ್ಯೇಕ ಶಾಲೆಗಳಿದ್ದವು. 1910ರ ದಶಕದಲ್ಲಿ ಆ ಮಕ್ಕಳನ್ನು ಸಾಮಾನ್ಯ ಸರ್ಕಾರಿ ಶಾಲೆಗಳಿಗೆ ಸೇರಿಸಿಕೊಳ್ಳಬೇಕೆಂಬ ಪ್ರಶ್ನೆ ಎದ್ದಾಗ ಮೇಲ್ಜಾತಿಗಳ ಪೋಷಕರಿಂದ ಬಲವಾದ ವಿರೋಧ ವ್ಯಕ್ತವಾಯಿತು. ಸಾರ್ವಜನಿಕ ಹಣದಿಂದ ನಡೆಯುವ ಶಾಲೆಯಲ್ಲಿ ಜಾತಿಯ ಕಾರಣದಿಂದ ಪ್ರವೇಶ ನಿರಾಕರಿಸಬಾರದೆಂಬ ನೀತಿಯನ್ನು ಸರ್ಕಾರವು ಅಂಗೀಕರಿಸಿತು. ಈ ಮಕ್ಕಳಿಗಾಗಿ ಮೈಸೂರಿನಲ್ಲಿ ವಸತಿಶಾಲೆಯೂ ನಡೆಯಿತು. ಊರುಗಳಲ್ಲಿ ಈ ನೀತಿಯು ಬಳಕೆಗೆ ಬರಲು ಬಹುಕಾಲ ಹಿಡಿಯಿತು.

ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯ: ಮಿಲ್ಲರ್ ಸಮಿತಿ

ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸಂಸ್ಥಾನದ ಉನ್ನತ ಹುದ್ದೆಗಳಿಗೆ ಸ್ಪರ್ಧಾತ್ಮಕ ಪರೀಕ್ಷೆಯ ಪದ್ಧತಿ ಜಾರಿಯಲ್ಲಿತ್ತು. ಕಾಗದದ ಮೇಲೆ ಪರೀಕ್ಷೆಯು ಸರ್ವರಿಗೂ ಸಮಾನವಾಗಿದ್ದರೂ ಇಂಗ್ಲಿಷ್ ಶಿಕ್ಷಣ ಪಡೆದವರು ಮಾತ್ರ ಅದಕ್ಕೆ ಕುಳಿತುಕೊಳ್ಳಬಹುದಾಗಿತ್ತು. ಆ ಶಿಕ್ಷಣವು ಪಟ್ಟಣಗಳಲ್ಲಿ, ಅದರಲ್ಲಿಯೂ ಬ್ರಾಹ್ಮಣ ಸಮುದಾಯದಲ್ಲಿ ಕೇಂದ್ರೀಕೃತವಾಗಿತ್ತು. ಪರಿಣಾಮವಾಗಿ ಜನಸಂಖ್ಯೆಯಲ್ಲಿ ಅಲ್ಪ ಪ್ರಮಾಣದಲ್ಲಿದ್ದ ಒಂದು ಸಮುದಾಯದವರು ಸರ್ಕಾರಿ ಹುದ್ದೆಗಳಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲನ್ನು ಹೊಂದಿದ್ದರು. ಕಂದಾಯ ಕಟ್ಟುವ ರೈತನು ತಾಲ್ಲೂಕು ಕಚೇರಿಗೆ ಹೋದಾಗ ಅಲ್ಲಿ ತನ್ನವರೆನ್ನುವವರನ್ನು ಕಾಣುವುದು ಅಪರೂಪವಾಗಿತ್ತು.

ಇಪ್ಪತ್ತನೆಯ ಶತಮಾನದ ಆರಂಭದ ವರ್ಷಗಳಲ್ಲಿ ಇತರ ಸಮುದಾಯಗಳು ಸಂಘಟಿತವಾಗತೊಡಗಿದವು. 1905ರಲ್ಲಿ ಲಿಂಗಾಯತ ವಿದ್ಯಾನಿಧಿ ಸಂಸ್ಥೆಯೂ 1906ರಲ್ಲಿ ಒಕ್ಕಲಿಗರ ಸಂಘವೂ ಪ್ರಾರಂಭವಾದವು. ಮುಸ್ಲಿಂ ಸಮುದಾಯದ ಸಂಘಟನೆಯೂ ಇದೇ ಕಾಲದಲ್ಲಿ ರೂಪುಗೊಂಡಿತು. ಈ ಸಂಘಗಳ ಮೊದಲ ಕೆಲಸವೆಂದರೆ ಪಟ್ಟಣಕ್ಕೆ ಓದಲು ಬರುವ ತಮ್ಮ ಹುಡುಗರಿಗೆ ಊಟ, ವಸತಿ ಹಾಗೂ ವಿದ್ಯಾರ್ಥಿವೇತನಗಳನ್ನು ಒದಗಿಸುವುದಾಗಿತ್ತು. 1917ರಲ್ಲಿ ಹಲವು ಸಮುದಾಯಗಳ ಮುಖಂಡರು ಒಂದುಗೂಡಿ ಪ್ರಜಾಮಿತ್ರ ಮಂಡಳಿಯನ್ನು ಸ್ಥಾಪಿಸಿದರು. ಮಂಡಳಿಯ ನಿಯೋಗವು 1918ರಲ್ಲಿ ಮಹಾರಾಜರನ್ನು ಕಂಡು ಸರ್ಕಾರಿ ಸೇವೆಯಲ್ಲಿ ಹಾಗೂ ಶಿಕ್ಷಣದಲ್ಲಿ ನ್ಯಾಯವಾದ ಪಾಲು ದೊರೆಯಬೇಕೆಂದು ಮನವಿ ಸಲ್ಲಿಸಿತು.

ಸದರಿ ಮನವಿಯ ಮೇರೆಗೆ 1918ರ ಆಗಸ್ಟ್‌ನಲ್ಲಿ ಸಂಸ್ಥಾನದ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಲಾಯಿತು. ಮನವಿ ಸಲ್ಲಿಸಿದ ಸಮುದಾಯಗಳ ಪ್ರತಿನಿಧಿಗಳಾದ ಎಂ. ಬಸವಯ್ಯ, ಎಚ್. ಚೆನ್ನಯ್ಯ, ಗುಲಾಂ ಅಹಮದ್ ಕಲಾಮಿ ಮುಂತಾದವರೊಂದಿಗೆ ಬ್ರಾಹ್ಮಣ ಸದಸ್ಯರೂ ಇದರಲ್ಲಿದ್ದರು.

ಈ ವಿಷಯದಲ್ಲಿ ದಿವಾನ್ ವಿಶ್ವೇಶ್ವರಯ್ಯನವರ ಅಭಿಪ್ರಾಯ ಭಿನ್ನವಾಗಿತ್ತು. ನೇಮಕಾತಿಗೆ ಅರ್ಹತೆಯೊಂದೇ ಆಧಾರವಾಗಿರಬೇಕು, ಹಿಂದುಳಿದವರಿಗೆ ಶಿಕ್ಷಣದ ಅನುಕೂಲಗಳನ್ನು ಹೆಚ್ಚಿಸಿದರೆ ಕಾಲಕ್ರಮದಲ್ಲಿ ಪ್ರಾತಿನಿಧ್ಯ ತಾನಾಗಿ ಬರುವುದು, ಇಲ್ಲವಾದಲ್ಲಿ ಆಡಳಿತದ ದಕ್ಷತೆ ಕುಗ್ಗುವುದು ಎಂಬುದು ಅವರ ನಿಲುವಾಗಿತ್ತು. ಆ ಕಾಲಕ್ರಮ ಎಷ್ಟು ದೀರ್ಘವಾದುದು, ಅಲ್ಲಿಯವರೆಗೆ ಕಾಯುವವರು ಯಾರು ಎಂಬುದು ಮನವಿದಾರರ ಪ್ರಶ್ನೆಯಾಗಿತ್ತು. ತಮ್ಮ ಅತ್ಯಂತ ಸಮರ್ಥ ದಿವಾನರನ್ನು ಉಳಿಸಿಕೊಳ್ಳುವುದೋ, ಸಮಿತಿಯ ಮಾರ್ಗದಲ್ಲಿ ಮುಂದುವರಿಯುವುದೋ ಎಂಬ ಇಕ್ಕಟ್ಟು ಮಹಾರಾಜರಿಗೆ ಎದುರಾಯಿತು. ಅವರು ಸಮಿತಿಯನ್ನು ಕೈಬಿಡಲಿಲ್ಲ. 1918ರ ಅಂತ್ಯದಲ್ಲಿ ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿರ್ಗಮಿಸಿದರು. ಅವರ ನಂತರ ಮಹಾರಾಜರ ಸೋದರಮಾವ ಸರ್ದಾರ್ ಎಂ. ಕಾಂತರಾಜ ಅರಸ್ ಅವರು ದಿವಾನರಾದರು. ಆದಾಗ್ಯೂ ಮಹಾರಾಜರು ಹಾಗೂ ವಿಶ್ವೇಶ್ವರಯ್ಯನವರ ನಡುವಿನ ಗೌರವಕ್ಕೆ ಕುಂದುಂಟಾಗಲಿಲ್ಲ. ಸಂಸ್ಥಾನದ ಕೆಲಸಗಳಿಗೆ ಅವರ ಸಲಹೆ ಹಾಗೂ ಸೇವೆಯನ್ನು ಮುಂದೆಯೂ ಪಡೆಯಲಾಯಿತು.

1919ರಲ್ಲಿ ಸಮಿತಿಯು ವರದಿ ಸಲ್ಲಿಸಿತು. ಜನಗಣತಿಯ ಅಂಕಿಅಂಶಗಳ ಆಧಾರದ ಮೇಲೆ, ಇಂಗ್ಲಿಷ್ ಬಲ್ಲವರ ಪ್ರಮಾಣ ಶೇಕಡ 5ಕ್ಕಿಂತ ಕಡಿಮೆ ಇರುವ ಸಮುದಾಯಗಳನ್ನು ಹಿಂದುಳಿದವೆಂದು ಪರಿಗಣಿಸಲಾಯಿತು. ವರದಿಯನ್ನು ಆಧರಿಸಿ 1921ರಲ್ಲಿ ಸರ್ಕಾರಿ ಆದೇಶ ಹೊರಟಿತು. ಅದರ ಮುಖ್ಯ ಅಂಶಗಳು ಹೀಗಿವೆ:

1. ಏಳು ವರ್ಷಗಳೊಳಗಾಗಿ ಮೇಲ್ದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಅರ್ಧದಷ್ಟು ಹಾಗೂ ಕೆಳದರ್ಜೆಯ ಹುದ್ದೆಗಳಲ್ಲಿ ಕನಿಷ್ಠ ಮೂರನೆಯ ಎರಡರಷ್ಟು ಪಾಲು ಬ್ರಾಹ್ಮಣೇತರ ಸಮುದಾಯಗಳಿಗೆ ದೊರೆಯಬೇಕು.
2. ಈ ಸಮುದಾಯಗಳ ಅಭ್ಯರ್ಥಿಗಳಿಗೆ ಆದ್ಯತೆ ನೀಡುವಾಗ ಹುದ್ದೆಗೆ ಅಗತ್ಯವಾದ ಅರ್ಹತೆಯನ್ನು ಅವರು ಹೊಂದಿರಬೇಕು.
3. ನೇಮಕಾತಿಯ ಜೊತೆಗೆ ಹಿಂದುಳಿದ ಸಮುದಾಯಗಳ ವಿದ್ಯಾರ್ಥಿಗಳಿಗೆ ವಿದ್ಯಾರ್ಥಿವೇತನ ಹಾಗೂ ವಿದ್ಯಾರ್ಥಿನಿಲಯಗಳ ಅನುಕೂಲ ಹೆಚ್ಚಬೇಕು.

ಕೊಲ್ಹಾಪುರದ ಶಾಹು ಮಹಾರಾಜರು 1902ರಲ್ಲಿಯೇ ತಮ್ಮ ಸಂಸ್ಥಾನದಲ್ಲಿ ಹಿಂದುಳಿದವರಿಗೆ ಶೇಕಡ 50ರಷ್ಟು ಹುದ್ದೆಗಳನ್ನು ಮೀಸಲಿರಿಸಿದ್ದರು. ಮೈಸೂರಿನ ವಿಶೇಷವೆಂದರೆ ಪ್ರಜೆಗಳ ಮನವಿ, ಸಮಿತಿ, ಅಂಕಿಅಂಶ, ವರದಿ, ಆದೇಶ ಎಂಬ ಕ್ರಮ. ಹಿಂದುಳಿದಿರುವಿಕೆಯನ್ನು ಅಳೆಯಬಹುದು, ದಾಖಲೆಗಳಿಂದ ತೋರಿಸಬಹುದು, ಅದರ ಪರಿಹಾರವನ್ನು ಸರ್ಕಾರದಿಂದ ಕೇಳಬಹುದು ಎಂಬ ತತ್ವವು ಇದರಿಂದ ನೆಲೆಗೊಂಡಿತು. ಅರಸನ ಕೃಪೆಯಿಂದ ದೊರೆಯುತ್ತಿದ್ದುದು ನಿಯಮದಂತೆ ದೊರೆಯಬೇಕಾದುದಾಗಿ ಮಾರ್ಪಟ್ಟಿತು.

ಆದೇಶದ ಮಿತಿಗಳನ್ನೂ ಇಲ್ಲಿ ದಾಖಲಿಸುವುದು ಅಗತ್ಯವಾಗಿದೆ. ಭೂಮಿ ಹಾಗೂ ಸಂಘಟನೆಯ ಬಲವಿದ್ದ ದೊಡ್ಡ ಸಮುದಾಯಗಳನ್ನೂ, ಶಾಲೆಯ ಹೊಸ್ತಿಲನ್ನೇ ತುಳಿಯದ ಅಸ್ಪೃಶ್ಯ ಹಾಗೂ ಕಸುಬುದಾರ ಸಮುದಾಯಗಳನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಸಹಜವಾಗಿಯೇ ಮೊದಲ ಪ್ರಯೋಜನವು ಮೊದಲಿನವರಿಗೆ ದೊರೆಯಿತು. ಹಿಂದುಳಿದವರಲ್ಲಿಯೂ ಹೆಚ್ಚು ಹಿಂದುಳಿದವರು ಯಾರೆಂಬ ಪ್ರಶ್ನೆ ಅಂದು ಬಗೆಹರಿಯದೆ ಮುಂದಿನ ತಲೆಮಾರುಗಳಿಗೆ ಉಳಿಯಿತು.

ಮಹಿಳೆಯರ ಸ್ಥಿತಿಗತಿ

1909ರಲ್ಲಿ ಸರ್ಕಾರದ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿ ಪದ್ಧತಿಯನ್ನು ನಿಲ್ಲಿಸಲಾಯಿತು. 1923ರ ಸುಧಾರಣೆಗಳಲ್ಲಿ ಮಹಿಳೆಯರು ಪುರುಷರಿಗಿದ್ದ ಅರ್ಹತೆಗಳ ಮೇಲೆಯೇ ಮತದಾನದ ಹಕ್ಕು ಪಡೆದರು. ಆಸ್ತಿಯ ಒಡೆತನ ಹಾಗೂ ಶಿಕ್ಷಣವೇ ಅರ್ಹತೆಯಾಗಿದ್ದುದರಿಂದ ಮತ ಚಲಾಯಿಸಲು ಸಾಧ್ಯವಾದ ಮಹಿಳೆಯರ ಸಂಖ್ಯೆ ಬಹಳ ಕಡಿಮೆಯಾಗಿತ್ತು. ಈ ದೃಷ್ಟಿಯಿಂದ 1933ರ ಹಿಂದೂ ಮಹಿಳೆಯರ ಹಕ್ಕುಗಳ ಕಾನೂನು ಮುಖ್ಯವಾಗಿದೆ. ವಿಧವೆಯರು ಹಾಗೂ ಹೆಣ್ಣುಮಕ್ಕಳ ಆಸ್ತಿಯ ಹಕ್ಕನ್ನು ಅದು ವಿಸ್ತರಿಸಿತು. ಬ್ರಿಟಿಷ್ ಭಾರತದಲ್ಲಿ ವಿಧವೆಯರ ಆಸ್ತಿಗೆ ಸಂಬಂಧಿಸಿದ ಕಾನೂನು ಬಂದದ್ದು ಇದರ ನಂತರ, 1937ರಲ್ಲಿ.

ಪ್ರಜಾಪ್ರತಿನಿಧಿ ಸಭೆ ಮತ್ತು ನ್ಯಾಯವಿಧಾಯಕ ಸಭೆ

1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆಯು ಪ್ರತಿ ವರ್ಷ ದಸರಾ ಸಂದರ್ಭದಲ್ಲಿ ಮೈಸೂರಿನಲ್ಲಿ ಸೇರುತ್ತಿತ್ತು. ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ತಾಲ್ಲೂಕುಗಳಿಂದ ಬಂದವರು ಕೆರೆಯ ಏರಿ, ರಸ್ತೆ, ಕಂದಾಯ ಮುಂತಾದ ಅಹವಾಲುಗಳನ್ನು ಸಲ್ಲಿಸುತ್ತಿದ್ದರು. ಉತ್ತರ ನೀಡುವುದು ಸರ್ಕಾರದ ಸೌಜನ್ಯವೇ ಹೊರತು ಕಾನೂನಿನ ಬಾಧ್ಯತೆಯಾಗಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆಯು ರಚನೆಯಾಯಿತು.

ವಿದ್ವಾಂಸ ಹಾಗೂ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಬ್ರಜೇಂದ್ರನಾಥ ಸೀಲ್ ಅವರ ಅಧ್ಯಕ್ಷತೆಯ ಸಮಿತಿಯ ವರದಿಯಂತೆ 1923ರಲ್ಲಿ ಎರಡೂ ಸಭೆಗಳನ್ನು ಪುನರ್ರಚಿಸಲಾಯಿತು. ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಮಾನ್ಯತೆ ದೊರೆಯಿತು. ಅದರ ಸದಸ್ಯಬಲವನ್ನು 250ಕ್ಕೆ, ಅಗತ್ಯವಿದ್ದಲ್ಲಿ 275ರವರೆಗೆ ನಿಗದಿಪಡಿಸಲಾಯಿತು. ಹೊಸ ತೆರಿಗೆ ಹಾಗೂ ಹೊಸ ಕಾನೂನುಗಳ ವಿಷಯದಲ್ಲಿ ಸಭೆಯನ್ನು ಸಮಾಲೋಚಿಸಬೇಕಾಯಿತು. 50 ಸದಸ್ಯರ ನ್ಯಾಯವಿಧಾಯಕ ಸಭೆಗೆ ಆಯವ್ಯಯದ ಬೇಡಿಕೆಗಳ ಮೇಲೆ ಮತ ನೀಡುವ ಅಧಿಕಾರ ದೊರೆಯಿತು. ಆದರೆ ಸರ್ಕಾರವನ್ನು ಬದಲಿಸುವ ಅಧಿಕಾರ ಯಾವ ಸಭೆಗೂ ಇರಲಿಲ್ಲ. ದಿವಾನರನ್ನು ನೇಮಿಸುವುದು ಮಹಾರಾಜರ ಹಕ್ಕಾಗಿಯೇ ಉಳಿಯಿತು.

ಜವಾಬ್ದಾರಿ ಸರ್ಕಾರದ ಬೇಡಿಕೆ

ಈ ಆಡಳಿತಾವಧಿಯಲ್ಲಿ ಎಲ್ಲವೂ ಸೌಹಾರ್ದದಿಂದ ನಡೆಯಿತೆಂದು ಹೇಳಲಾಗದು. 1908ರ ಪತ್ರಿಕಾ ಕಾನೂನು ಸರ್ಕಾರವನ್ನು ಟೀಕಿಸುವ ಪತ್ರಿಕೆಗಳಿಗೆ ಕಡಿವಾಣ ಹಾಕಿತು. ತಾತಯ್ಯನೆಂದು ಮೈಸೂರಿಗರ ಪ್ರೀತಿಗೆ ಪಾತ್ರರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಅದನ್ನು ಪ್ರತಿಭಟಿಸಿದ ಪ್ರಮುಖರಲ್ಲಿ ಒಬ್ಬರು.

1927ರಲ್ಲಿ ಮಹಾರಾಜರ ಆಳ್ವಿಕೆಯ ಬೆಳ್ಳಿಹಬ್ಬ ನಡೆಯಿತು. ಅದೇ ವರ್ಷ ಆರೋಗ್ಯ ಸುಧಾರಣೆಗಾಗಿ ನಂದಿಬೆಟ್ಟ ಹಾಗೂ ಬೆಂಗಳೂರಿನಲ್ಲಿ ತಂಗಿದ್ದ ಮಹಾತ್ಮ ಗಾಂಧಿಯವರು ಸಂಸ್ಥಾನದ ಅತಿಥಿಗಳಾಗಿದ್ದರು. ಮಹಾರಾಜರಿಗೆ ರಾಜರ್ಷಿ ಎಂಬ ಅಭಿದಾನವು ಗಾಂಧೀಜಿಯವರಿಂದ ಬಂದಿತೆಂದು ಪ್ರಸಿದ್ಧವಾಗಿದೆ. ಆದರೆ ಮುಂದಿನ ದಶಕದಲ್ಲಿ ಗಾಂಧಿಯವರ ಮಾರ್ಗವನ್ನೇ ಹಿಡಿದ ಚಳವಳಿಗಾರರು ಸಂಸ್ಥಾನದ ಸರ್ಕಾರವನ್ನು ಎದುರಿಸಿ ನಿಂತರು.

1937ರಲ್ಲಿ ಗ್ರಾಮೀಣ ಬ್ರಾಹ್ಮಣೇತರ ಮುಖಂಡರ ಪಕ್ಷವು ಮೈಸೂರು ಕಾಂಗ್ರೆಸ್ಸಿನಲ್ಲಿ ವಿಲೀನಗೊಂಡಿತು. ಮಿಲ್ಲರ್ ವರದಿಯ ನಂತರ ವಿದ್ಯಾವಂತರಾಗಿ, ವಕೀಲರಾಗಿ, ಸಭೆಯ ಸದಸ್ಯರಾಗಿ ಮುಂದೆ ಬಂದ ತಲೆಮಾರಿಗೆ ಹುದ್ದೆಗಳ ಪಾಲು ಮಾತ್ರ ಸಾಕೆನಿಸಲಿಲ್ಲ. ಸರ್ಕಾರವೇ ಪ್ರಜೆಗಳಿಗೆ ಉತ್ತರದಾಯಿಯಾಗಿರಬೇಕೆಂದು ಅವರು ಕೇಳಿದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮೀರಿ ರಾಷ್ಟ್ರಧ್ವಜವನ್ನು ಹಾರಿಸಲಾಯಿತು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರಿಂದ ಹಲವರು ಪ್ರಾಣ ಕಳೆದುಕೊಂಡರು. ಇದು ಈ ಆಳ್ವಿಕೆಯ ಅತ್ಯಂತ ದುಃಖಕರ ಘಟನೆಯಾಗಿದೆ.

ತರುವಾಯ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಹಾಗೂ ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಸಂಸ್ಥಾನದ ಧ್ವಜದೊಂದಿಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಲು ಅವಕಾಶ ದೊರೆಯಿತು. ರಾಜ್ಯಾಂಗ ಸುಧಾರಣೆಯ ಸಮಿತಿಯ ವರದಿಯ ಮೇಲೆ 1939ರಲ್ಲಿ ಹೊಸ ಸುಧಾರಣೆಗಳನ್ನು ಪ್ರಕಟಿಸಲಾಯಿತಾದರೂ ಅವು ಜವಾಬ್ದಾರಿ ಸರ್ಕಾರದ ಬೇಡಿಕೆಯನ್ನು ಪೂರೈಸಲಿಲ್ಲ.

ನಿಧನ ಮತ್ತು ನಂತರದ ಬೆಳವಣಿಗೆಗಳು

1940ರ ಮಾರ್ಚ್‌ನಲ್ಲಿ ಮಹಾರಾಜರ ಏಕೈಕ ಸೋದರ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರು ಮುಂಬಯಿಯಲ್ಲಿ ನಿಧನರಾದರು. ಐದು ತಿಂಗಳೂ ತುಂಬುವ ಮೊದಲೇ, 1940ರ ಆಗಸ್ಟ್ 3ರಂದು, ಮಹಾರಾಜರು ಬೆಂಗಳೂರು ಅರಮನೆಯಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 56 ವರ್ಷ ವಯಸ್ಸಾಗಿತ್ತು. ಯುವರಾಜರ ಪುತ್ರ ಶ್ರೀ ಜಯಚಾಮರಾಜ ಒಡೆಯರ್ ಅವರು ಉತ್ತರಾಧಿಕಾರಿಯಾದರು.

1947ರ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರವು ಅಸ್ತಿತ್ವಕ್ಕೆ ಬಂದಿತು. 1948ರಲ್ಲಿ ದೇವಾಲಯ ಪ್ರವೇಶದ ಕಾನೂನು ಜಾರಿಯಾಗಿ, ನಾಲ್ವಡಿಯವರ ಕಾಲದಲ್ಲಿ ಬಗೆಹರಿಯದೆ ಉಳಿದಿದ್ದ ವಿಷಯವೊಂದು ಇತ್ಯರ್ಥವಾಯಿತು. ಹಿಂದುಳಿದ ಸಮುದಾಯಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದ್ದರಿಂದ ಉಂಟಾದ ಪ್ರಶ್ನೆಯನ್ನು ಮುಂದೆ ಡಾ. ನಾಗನಗೌಡ ಸಮಿತಿ ಹಾಗೂ 1972ರಲ್ಲಿ ನೇಮಕಗೊಂಡು 1975ರಲ್ಲಿ ವರದಿ ನೀಡಿದ ಎಲ್.ಜಿ. ಹಾವನೂರು ಆಯೋಗಗಳು ಪರಿಶೀಲಿಸಿದವು. ಹಿಂದುಳಿದ ವರ್ಗಗಳನ್ನು ಪ್ರವರ್ಗಗಳಾಗಿ ವಿಂಗಡಿಸುವ ಕ್ರಮದ ಹಿನ್ನೆಲೆಯಲ್ಲಿ ಇಷ್ಟು ದೀರ್ಘವಾದ ಚರ್ಚೆ ಇದೆ.

ಮೈಸೂರಿನ ಕೃಷ್ಣರಾಜ ವೃತ್ತದಲ್ಲಿ ಅವರ ಪ್ರತಿಮೆ ಇದೆ. ಅವರು ನೀಡಿದ್ದು ಹಾಗೂ ನೀಡದೆ ಉಳಿಸಿದ್ದು ಎರಡೂ ನಾಡಿನ ಇತಿಹಾಸದ ಭಾಗವಾಗಿವೆ. ಜಾತಿ ಪ್ರಮಾಣಪತ್ರಕ್ಕಾಗಲಿ, ವಿದ್ಯಾರ್ಥಿನಿಲಯದ ಪ್ರವೇಶಕ್ಕಾಗಲಿ, ವಿದ್ಯಾರ್ಥಿವೇತನಕ್ಕಾಗಲಿ ಅರ್ಜಿ ಸಲ್ಲಿಸುವವರು ಯಾರ ಕೃಪೆಯನ್ನೂ ಬೇಡುತ್ತಿಲ್ಲ. 1918ರಲ್ಲಿ ಸಲ್ಲಿಕೆಯಾದ ಒಂದು ಮನವಿಯಿಂದ ಮೊದಲ್ಗೊಂಡು, ಸಂವಿಧಾನದ ಮೂಲಕ ಹಕ್ಕಾಗಿ ಪರಿಣಮಿಸಿದ ಸೌಲಭ್ಯವನ್ನು ಅವರು ಪಡೆಯುತ್ತಿದ್ದಾರೆ.

ಪ್ರಮುಖ ದಿನಾಂಕಗಳು

1884, ಜೂನ್ 4: ಮೈಸೂರಿನಲ್ಲಿ ಜನನ
1895, ಫೆಬ್ರವರಿ 1: ಪಟ್ಟಾಭಿಷೇಕ
1902, ಆಗಸ್ಟ್ 8: ಪೂರ್ಣ ಅಧಿಕಾರ ಸ್ವೀಕಾರ
1907: ನ್ಯಾಯವಿಧಾಯಕ ಸಭೆಯ ರಚನೆ
1913: ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನು
1916, ಜುಲೈ 27: ಮೈಸೂರು ವಿಶ್ವವಿದ್ಯಾನಿಲಯದ ಸ್ಥಾಪನೆ
1918: ಮಿಲ್ಲರ್ ಸಮಿತಿಯ ನೇಮಕ
1921: ಸರ್ಕಾರಿ ಸೇವೆಯಲ್ಲಿ ಪ್ರಾತಿನಿಧ್ಯದ ಆದೇಶ
1923: ಪ್ರತಿನಿಧಿ ಸಭೆಗಳ ಸುಧಾರಣೆ, ಮಹಿಳೆಯರಿಗೆ ಮತದಾನದ ಹಕ್ಕು
1933: ಹಿಂದೂ ಮಹಿಳೆಯರ ಹಕ್ಕುಗಳ ಕಾನೂನು
1938, ಏಪ್ರಿಲ್: ಶಿವಪುರ ಧ್ವಜ ಸತ್ಯಾಗ್ರಹ, ವಿದುರಾಶ್ವತ್ಥ ದುರಂತ
1940, ಆಗಸ್ಟ್ 3: ಬೆಂಗಳೂರಿನಲ್ಲಿ ನಿಧನ